ಸದ್ದಿಲ್ಲದ ಕಡೆ ಇಬ್ಬರು ಕುಳಿತು ಉಣ್ಣಬೇಕು, ಮೈಸೂರಿನಲ್ಲಿ ಜಾಗ ಹೇಳಿ

ಲೆಕ್ಕದ ಮೇಷ್ಟರು (ಪ್ರಶ್ನೆ, ನವೆಂಬರ್ 5)

ಮದುವೆಯ ವಾರ್ಷಿಕೋತ್ಸವದ ಊಟಕ್ಕೆ ಜಾಗ ಕೇಳಿದವರಿಗೆ ಇಲ್ಲಿ ಮಹಡಿಯ ಮೇಲಿನ ಟೇಬಲ್, ಮೇಣದ ಬತ್ತಿ, ಗಿಟಾರು ನುಡಿಸುವ ಹುಡುಗ ಎಂದೆಲ್ಲ ಸಲಹೆ ಬರುವುದನ್ನು ನೋಡಿದ್ದೇನೆ. ನನಗೆ ಇವು ಯಾವುವೂ ಇಲ್ಲದ ಜಾಗ ಬೇಕು.

ಇದೇ 27ಕ್ಕೆ ನಮ್ಮ ಮದುವೆಯಾಗಿ 30 ವರ್ಷ. ನಾನು ಕುವೆಂಪುನಗರದಲ್ಲಿರುವ ನಿವೃತ್ತ ಗಣಿತ ಮೇಷ್ಟರು. ನನ್ನ ಹೆಂಡತಿಗೆ ಎಡಗಿವಿ ಸ್ವಲ್ಪವೂ ಕೇಳಿಸುವುದಿಲ್ಲ. ಬಲಗಿವಿಗೆ ನಾಲ್ಕು ವರ್ಷದಿಂದ ಶ್ರವಣ ಸಾಧನ ಹಾಕುತ್ತಾಳೆ. ಮನೆಯಲ್ಲಿ ತೊಂದರೆಯೇ ಇಲ್ಲ, ಕುಕ್ಕರಿನ ಮೂರನೆಯ ಸೀಟಿಯನ್ನು ನನಗಿಂತ ಮೊದಲು ಅವಳೇ ಎಣಿಸಿ ಏಳುತ್ತಾಳೆ. ಆದರೆ ನಾಲ್ಕು ಜನ ಒಟ್ಟಿಗೆ ಮಾತಾಡುವ ಕಡೆ ಆ ಯಂತ್ರಕ್ಕೆ ಮಾತು ಯಾವುದು, ತಟ್ಟೆಯ ಸದ್ದು ಯಾವುದು ಎಂಬ ವಿವೇಕವಿಲ್ಲ, ಎಲ್ಲವನ್ನೂ ಒಟ್ಟಿಗೆ ಕಿವಿಗೆ ಸುರಿಯುತ್ತದೆ. ಆಗ ಅದನ್ನು ತೆಗೆದು ಕನ್ನಡಕದ ಡಬ್ಬಿಗೆ ಹಾಕಿ, ಎಲ್ಲರ ಕಡೆಗೂ ಒಂದೊಂದು ನಗು ಹಂಚುತ್ತಾ ಕೂರುತ್ತಾಳೆ. ಮದುವೆ ಮನೆಗಳಲ್ಲಿ ಅವಳನ್ನು ತುಂಬಾ ಸೌಮ್ಯ ಸ್ವಭಾವದವಳು ಎಂದು ಹೊಗಳುವವರಿದ್ದಾರೆ. ನನಗೆ ನಗು ಬರುತ್ತದೆ.

ಕಳೆದ ವರ್ಷ ಮಗಳು ಬೆಂಗಳೂರಿನಿಂದಲೇ ಮೊಬೈಲಿನಲ್ಲಿ ನಮಗೊಂದು ಟೇಬಲ್ ಕಾಯ್ದಿರಿಸಿದಳು. ಹೆಸರು ಬೇಡ. ಗಾಜಿನ ಗೋಡೆ, ಗ್ರಾನೈಟ್ ನೆಲ, ತಲೆಯ ಮೇಲೆ ಸ್ಪೀಕರ್. ಸೂಪು ಬರುವ ಮೊದಲೇ ಯಂತ್ರ ಡಬ್ಬಿ ಸೇರಿತು. ನಾನು ಮಾತು ಬಿಡಲಿಲ್ಲ. ಕೆ.ಆರ್. ನಗರದ ಕಡೆ ಅವಳ ತವರಿನ ಹೆಂಚಿನ ಮನೆಯೊಂದು ಅವಳ ಪಾಲಿಗೆ ಬಂದಿದೆ, ಬೀಗ ಹಾಕಿ ಆರು ವರ್ಷವಾಯಿತು. "ಅದನ್ನು ಮಾರಿಬಿಡೋಣವೇ?" ಎಂದು ಕೇಳಿದೆ. ಅವಳು ನನ್ನನ್ನೇ ನೋಡುತ್ತಾ "ಹೂಂ" ಎಂದಳು. ಇಷ್ಟು ಸುಲಭವೇ ಎಂದು ನನಗೇ ಆಶ್ಚರ್ಯ. ಅಷ್ಟರಲ್ಲಿ ಹುಡುಗರು ಕಿಡಿ ಕಾರುವ ಬತ್ತಿ ಚುಚ್ಚಿದ ಕೇಕು ತಂದು, ಸುತ್ತ ನಿಂತು ಚಪ್ಪಾಳೆ ತಟ್ಟಿ ಹಾಡಿದರು. ಮೂರು ವಾರದ ನಂತರ ದಲ್ಲಾಳಿ ಗಿರಾಕಿಯನ್ನು ಕರೆದುಕೊಂಡು ನಮ್ಮ ಮನೆ ಬಾಗಿಲಿಗೆ ಬಂದಾಗ ಅವಳು "ಯಾರು ಇವರು?" ಎಂದು ನನ್ನನ್ನು ಕೇಳಿದಳು. ಮುಂದಿನದನ್ನು ಬರೆಯುವುದಿಲ್ಲ.

ಅಂದಿನ ಬಿಲ್ಲನ್ನೂ ಇಟ್ಟುಕೊಂಡಿದ್ದೇನೆ. ಊಟಕ್ಕೆ 1,900. ಶೇಕಡಾ 10 ಸೇವಾ ಶುಲ್ಕ ಎಂದು 190. ಎರಡೂ ಸೇರಿದ ಮೊತ್ತದ ಮೇಲೆ ಶೇಕಡಾ 5 ಜಿಎಸ್‌ಟಿ 104 ರೂಪಾಯಿ 50 ಪೈಸೆ. ಅಂದರೆ ನಾನು ಕೇಳದ ಹಾಡಿನ ಸೇವೆಗೆ ಒಂಬತ್ತೂವರೆ ರೂಪಾಯಿ ತೆರಿಗೆಯನ್ನೂ ಕಟ್ಟಿ ಬಂದಿದ್ದೇನೆ.

ಈ ಸಲ ದಿನದ ಆಯ್ಕೆಯೂ ಸರಳವಿಲ್ಲ. 26ಕ್ಕೆ ಸುಬ್ರಹ್ಮಣ್ಯ ಷಷ್ಠಿ, ಸಿದ್ಧಲಿಂಗಪುರದ ದೇವಸ್ಥಾನದ ಸಾಲಿನಲ್ಲಿ ನಿಂತು ಬಂದ ಮೇಲೆ ಅವಳಿಗೆ ಹೋಟೆಲಿನ ಮಾತೇ ಬೇಡ. 27 ಗುರುವಾರ, ರಾಯರ ವಾರ, ರಾತ್ರಿ ಫಲಾಹಾರ. ಹಾಗಾಗಿ 28, ಶುಕ್ರವಾರ ರಾತ್ರಿ. ಸಸ್ಯಾಹಾರ. ಎರಡು ಸಾವಿರದೊಳಗೆ. ಸ್ಕೂಟರಿನಲ್ಲಿ ಹೋಗುವುದರಿಂದ ರಿಂಗ್ ರಸ್ತೆಯ ಒಳಗೆ.

1995ರ ಡಿಸೆಂಬರಿನಲ್ಲಿ ಅವಳನ್ನು ಮೊದಲ ಬಾರಿ ಹೋಟೆಲಿಗೆ ಕರೆದೊಯ್ದದ್ದು ದೇವರಾಜ ಮಾರುಕಟ್ಟೆಯ ಹತ್ತಿರ. ಅಲ್ಲಿ ಫ್ಯಾಮಿಲಿ ರೂಮ್ ಇತ್ತು. ಹಲಗೆಯ ಗೋಡೆ, ಹಸಿರು ಪರದೆ, ಒಂದು ಕರೆಗಂಟೆ. ಒತ್ತಿದರೆ ಮಾತ್ರ ಸಪ್ಲೈಯರ್ ತಲೆ ಹಾಕುತ್ತಿದ್ದ. ಆಗ ಅವಳಿಗೆ ಎರಡೂ ಕಿವಿ ಚೆನ್ನಾಗಿತ್ತು, ನನಗೇ ಮಾತು ಹೊರಡುತ್ತಿರಲಿಲ್ಲ. ಅಂಥ ಫ್ಯಾಮಿಲಿ ರೂಮ್ ಈಗ ಎಲ್ಲಾದರೂ ಉಳಿದಿದೆಯೇ?

ಚುರುಮುರಿ

ಮೇಷ್ಟರೇ, ಮನೆಗೇ ತರಿಸಿಕೊಂಡು ತಾರಸಿಯ ಮೇಲೆ ಎರಡು ಕುರ್ಚಿ ಹಾಕಿ. ಸೇವಾ ಶುಲ್ಕವಿಲ್ಲ, ಹಾಡುವವರಿಲ್ಲ.

ಲೆಕ್ಕದ ಮೇಷ್ಟರು

ಬೆಳ್ಳಿ ವಾರ್ಷಿಕೋತ್ಸವ 2020ರಲ್ಲಿ ಬಂತು. ಕೊರೋನಾ ಕಾಲ. ತಾರಸಿಯ ಮೇಲೆಯೇ ಶ್ಯಾವಿಗೆ ಪಾಯಸ ಕುಡಿದೆವು. ನಿಶ್ಶಬ್ದಕ್ಕೆ ಕೊರತೆ ಇರಲಿಲ್ಲ. ಆದರೆ ಪಾಯಸ ಕಾಸಿದವಳು ಅವಳು, ಪಾತ್ರೆ ತೊಳೆದವಳೂ ಅವಳು. ತರಿಸಿಕೊಂಡರೂ ಡಬ್ಬಿ ಬಿಚ್ಚುವವಳು, ಸಾರು ಬಿಸಿ ಮಾಡುವವಳು ಅವಳೇ. ಒಂದು ರಾತ್ರಿಯಾದರೂ ಅವಳು ಏಳದೆ ಕೂರಬೇಕು.

ಹಳೆಯ ಕ್ಯಾಪ್ಟನ್

ಹೋಟೆಲಿನ ಊಟದ ಹಾಲಿನಲ್ಲಿ ಕ್ಲೀನರ್ ಆಗಿ ಸೇರಿ ಕ್ಯಾಪ್ಟನ್ (ಸಪ್ಲೈಯರುಗಳ ಮೇಲ್ವಿಚಾರಕ) ಆಗಿ ನಿವೃತ್ತನಾದವನು ನಾನು, 34 ವರ್ಷದ ಕೆಲಸ. ಮೊದಲು ಫ್ಯಾಮಿಲಿ ರೂಮಿನ ವಿಷಯ ಮುಗಿಸುತ್ತೇನೆ. ಹವಾನಿಯಂತ್ರಣ ಬಂದಾಗ ಅವು ಹೋದವು. ಹಲಗೆ ಅಡ್ಡವಿದ್ದರೆ ತಂಪು ಗಾಳಿ ಸುತ್ತುವುದಿಲ್ಲ, ಮೇಲಾಗಿ ಪರದೆಯ ಹಿಂದೆ ಎರಡು ಕಾಫಿಗೆ ಎರಡು ಗಂಟೆ ಕೂರುವವರಿಂದ ಮಾಲೀಕನಿಗೆ ಏನು ಗಿಟ್ಟುತ್ತದೆ? ನಾನೇ ಒಂದು ಕಡೆ ಆ ಹಲಗೆಗಳನ್ನು ಬಿಚ್ಚಿಸಿದ್ದೇನೆ. ಕ್ಷಮಿಸಿ.

ಜಾಗಕ್ಕಿಂತ ಹೊತ್ತು ಮುಖ್ಯ. ನಮ್ಮ ಊರಿನಲ್ಲಿ ಸಂಸಾರಸ್ಥರು ರಾತ್ರಿ ಊಟಕ್ಕೆ ಎಂಟೂವರೆಗೆ ಮುಂಚೆ ಹೊರಡುವುದಿಲ್ಲ. ಹೆಚ್ಚಿನ ರೆಸ್ಟೋರೆಂಟುಗಳು ಏಳಕ್ಕೆ ಬಾಗಿಲು ತೆಗೆಯುತ್ತವೆ. ಏಳಕ್ಕೇ ಹೋಗಿ ಕುಳಿತರೆ ಶುಕ್ರವಾರವೂ ಒಂದೂವರೆ ಗಂಟೆ ಹಾಲ್ ನಿಮ್ಮದೇ. ಫೋನು ಮಾಡುವುದು ಮಧ್ಯಾಹ್ನ ಮೂರೂವರೆಯಿಂದ ಐದರ ನಡುವೆ ಇರಲಿ. ಆಗ ಫೋನು ಎತ್ತುವವನಿಗೆ ನಿಮ್ಮ ಮಾತು ಕೇಳುವ ಪುರುಸೊತ್ತಿರುತ್ತದೆ. ರಾತ್ರಿ ಎಂಟೂವರೆಗೆ ಕರೆದು ಏನು ಕೇಳಿದರೂ "ಆಯಿತು ಸಾರ್" ಎನ್ನುತ್ತಾನೆ, ಬರೆದುಕೊಳ್ಳುವುದಿಲ್ಲ.

ಒಂದು ಟೇಬಲ್ ಅಡುಗೆಮನೆಯ ಬಾಗಿಲಿಗೆ ಹತ್ತಿರವಿರುತ್ತದೆ, ಒಂದು ಬಿಲ್ ಕೌಂಟರಿಗೆ. ಮೂರನೆಯದು ನಾವು ತಟ್ಟೆ, ಚಮಚ ಜೋಡಿಸಿಡುವ ಸೈಡ್ ಸ್ಟೇಷನ್ ಪಕ್ಕದ್ದು. ಈ ಮೂರನ್ನೂ ಬಿಡಿ. ಮೂರನೆಯದನ್ನು ಗಿರಾಕಿಗಳು ಗುರುತಿಸುವುದೇ ಇಲ್ಲ, ಅದು ಮೂಲೆಯಲ್ಲಿರುವುದರಿಂದ ಪ್ರಶಾಂತ ಎಂದುಕೊಳ್ಳುತ್ತಾರೆ. ರಾತ್ರಿಯೆಲ್ಲ ಚಮಚ ಸುರಿಯುವ ಸದ್ದು ಅಲ್ಲೇ. ಗೋಡೆಗೆ ಬೆನ್ನು ಹಾಕಿ ಅವರನ್ನು ಕೂರಿಸಿ. ನೆಲಕ್ಕೆ ಜಮಖಾನೆ, ಕಿಟಕಿಗೆ ದಪ್ಪ ಪರದೆ, ಟೇಬಲ್ಲಿಗೆ ಬಟ್ಟೆ ಇರುವ ಹಳೆಯ ಮಾದರಿಯ ಹಾಲ್ ಹುಡುಕಿ. ಬಟ್ಟೆ ಸದ್ದನ್ನು ಕುಡಿಯುತ್ತದೆ, ಗಾಜು ಮತ್ತು ಕಲ್ಲು ತಿರುಗಿಸಿ ಎಸೆಯುತ್ತವೆ.

ಎಲ್ಲಕ್ಕಿಂತ ಮುಖ್ಯವಾದದ್ದು: ಫೋನಿನಲ್ಲಿ ವಾರ್ಷಿಕೋತ್ಸವ ಎಂಬ ಪದವನ್ನು ಬಾಯಿ ತಪ್ಪಿಯೂ ಆಡಬೇಡಿ. ಆಡಿದಿರೋ, ಕೇಕು ಬಂದಿತು ಎಂದೇ ಲೆಕ್ಕ. ಹಾಡಲು ಹುಡುಗರಿಗೂ ಇಷ್ಟವಿರುವುದಿಲ್ಲ, ಮೇಷ್ಟರೇ. ಮ್ಯಾನೇಜರ್ ನೋಡುತ್ತಿರುತ್ತಾನೆ.

ಬಂಡಿಪಾಳ್ಯ

ಸೇವಾ ಶುಲ್ಕದ ಬಗ್ಗೆ ಮಾತ್ರ. ಅದನ್ನು ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಮಾರ್ಗಸೂಚಿ ಹೊರಡಿಸಿತ್ತು. ಹೋಟೆಲು ಸಂಘಗಳು ನ್ಯಾಯಾಲಯಕ್ಕೆ ಹೋದವು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ತೆಗೆಯಿರಿ ಎಂದು ಹೇಳಿ. ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915. ಮನಸ್ಸಿಗೆ ಬಂದಷ್ಟು ಭಕ್ಷೀಸು ಕೊಡುವುದು ಬೇರೆ ಮಾತು, ಅದು ಹುಡುಗನ ಕೈಗೆ ಹೋಗುತ್ತದೆ. ಇನ್ನೊಂದು, ಕೊಠಡಿ ಬಾಡಿಗೆ ದಿನಕ್ಕೆ 7,500 ಮೀರುವ ದೊಡ್ಡ ಹೋಟೆಲುಗಳ ಒಳಗಿನ ರೆಸ್ಟೋರೆಂಟಿನಲ್ಲಿ ಜಿಎಸ್‌ಟಿ ಸಾಮಾನ್ಯವಾಗಿ 5 ಅಲ್ಲ, 18. ನಿಮ್ಮ ಎರಡು ಸಾವಿರದ ಮಿತಿಗೆ ಅದನ್ನೂ ಸೇರಿಸಿಕೊಂಡು ನೋಡಿ.

ದಸರಾ ಗೊಂಬೆ

ಭಾನುವಾರಕ್ಕೆ ಮುಂದೂಡಿ! ಏಳಕ್ಕೆ ಅರಮನೆಯ ದೀಪ ನೋಡಿ, ಸುಮಾರು ಒಂದು ಲಕ್ಷ ಬಲ್ಬು, ಆಮೇಲೆ ಊಟ. ಇಲ್ಲವಾದರೆ ಲಲಿತ ಮಹಲ್. ನಾಲ್ವಡಿಯವರು 1921ರಲ್ಲಿ ವೈಸ್‌ರಾಯ್‌ಗಾಗಿ ಕಟ್ಟಿಸಲು ತೊಡಗಿದ ಅರಮನೆ, ನಾಟ್ಯಕ್ಕೆಂದು ಇದ್ದ ಹಜಾರದಲ್ಲಿಯೇ ಊಟ ಬಡಿಸುತ್ತಿದ್ದರು. ಬಣ್ಣದ ಗಾಜಿನ ಗುಮ್ಮಟದ ಕೆಳಗೆ ಕೂರುವ ಸುಖವೇ ಬೇರೆ.

ಹಳೆಯ ಕ್ಯಾಪ್ಟನ್

ಭಾನುವಾರ ದೀಪ ಆರಿದ ಮೇಲೆ ಅರಮನೆಯ ಸುತ್ತಲಿನ ಜನವೆಲ್ಲ ಎಲ್ಲಿಗೆ ಹೋಗುತ್ತಾರೆ ಎಂದುಕೊಂಡಿರಿ? ಊಟಕ್ಕೆ. ನಮಗೆ ವಾರದಲ್ಲಿ ಎರಡು ಕಾಲೂ ನೆಲಕ್ಕೆ ತಾಗದ ರಾತ್ರಿ ಅದು. ಲಲಿತ ಮಹಲಿನಲ್ಲಿ ನಾನು ಉಂಡದ್ದು ಬಹಳ ಹಿಂದೆ. ನೋಡಲು ಚಂದ, ಅನುಮಾನವಿಲ್ಲ. ಆದರೆ ಆ ಎತ್ತರದಲ್ಲಿ ಒಂದು ಚಮಚ ಬಿದ್ದರೂ ಸದ್ದು ಅಲ್ಲೇ ಸುಳಿದಾಡುತ್ತದೆ. ಇವರಿಗೆ ಬೇಕಾದದ್ದು ತಗ್ಗು ಸೂರು, ಅದಕ್ಕಿಂತ ಬಯಲು ಇನ್ನೂ ಒಳ್ಳೆಯದು. ವಿನೋಬಾ ರಸ್ತೆಯ ಗ್ರೀನ್ ಹೋಟೆಲಿನಂತೆ ತೋಟವಿರುವ ಕಡೆಗಳನ್ನು ವಿಚಾರಿಸಿ. ಮರದ ಕೆಳಗೆ ಸದ್ದು ಮೇಲಕ್ಕೆ ಹೋಗಿಬಿಡುತ್ತದೆ, ವಾಪಸು ಬರಲು ಗೋಡೆಯಿಲ್ಲ. ಶಾಲು ಒಯ್ಯಿರಿ, ನವೆಂಬರಿನ ಕೊನೆ. ಸೊಳ್ಳೆಗೂ ಏನಾದರೂ ಒಯ್ಯಿರಿ.

ಮಾನಸಗಂಗೋತ್ರಿ

ನಾನು ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವಳು. 1965ರಿಂದ ಇಲ್ಲೇ ಇರುವ ಸಂಸ್ಥೆ, ಆದರೂ ನಮ್ಮ ಊರಿನ ಹೋಟೆಲುಗಳಿಗೆ ಮಾತ್ರ ಅದರ ಗಾಳಿ ತಾಗಿಲ್ಲ. ಈಗ ಬೇರೆ ಊರಿನಲ್ಲಿ ಕೆಲಸ.

ಕ್ಯಾಪ್ಟನ್ ಅವರ ಮಾತೆಲ್ಲ ಸರಿ, ಕೂರಿಸುವ ಕ್ರಮ ಒಂದನ್ನು ಬಿಟ್ಟು. ಗೋಡೆಗೆ ಬೆನ್ನು ಎನ್ನುವುದು ಎಲ್ಲರಿಗೂ ಹೇಳುವ ಸಲಹೆ. ಮೇಷ್ಟರ ಮನೆಯವರಿಗೆ ಎಡಗಿವಿ ಕೇಳಿಸುವುದೇ ಇಲ್ಲ ಎಂದ ಮೇಲೆ ಆ ಕಿವಿಯನ್ನು ಗದ್ದಲಕ್ಕೆ ಬಿಟ್ಟುಕೊಡಿ. ಹಾಲಿನ ಕಡೆಗೆ ಎಡ ಭುಜ, ನಿಮ್ಮ ಕಡೆಗೆ ಬಲಗಿವಿ. ಅವರ ತಲೆಯೇ ಗದ್ದಲಕ್ಕೆ ಅಡ್ಡ ಗೋಡೆಯಾಗುತ್ತದೆ. ನೀವು ಎದುರಿಗೆ ಕೂರದೆ ಟೇಬಲ್ಲಿನ ಪಕ್ಕದ ಬದಿಯಲ್ಲಿ, ಅವರ ಬಲಕ್ಕೆ ಕುಳಿತರೆ ದೂರವೂ ಕಡಿಮೆ. ನೀವು ಗಣಿತದವರು, ಬಯಲಿನಲ್ಲಿ ದೂರ ಅರ್ಧವಾದರೆ ಮಾತಿನ ಮಟ್ಟ ಸುಮಾರು 6 ಡೆಸಿಬೆಲ್ ಏರುತ್ತದೆ ಎಂದರೆ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಕಿರುಚಿದರೂ ಅಷ್ಟೇ ಏರಬಹುದು, ಆದರೆ ಕಿರುಚಿದಾಗ ಅಕ್ಷರಗಳ ಆಕಾರ ಕೆಡುತ್ತದೆ.

ಮೇಣದ ಬತ್ತಿ ಬೇಡ ಎಂದಿರಿ, ಬಹಳ ಒಳ್ಳೆಯದು. ಕಿವಿ ಮಂದವಾದವರು ಅರ್ಧ ಮಾತನ್ನು ತುಟಿಯಿಂದ ಓದುತ್ತಾರೆ, ತಮಗೇ ತಿಳಿಯದೆ. ಬೆಳಕು ನಿಮ್ಮ ಮುಖದ ಮೇಲೆ ಬೀಳಬೇಕು, ನಿಮ್ಮ ಬೆನ್ನ ಹಿಂದೆ ದೀಪವಿದ್ದರೆ ಅವರಿಗೆ ಕಾಣುವುದು ಬರೀ ಕಪ್ಪು ತಲೆ. ಬಾಯಲ್ಲಿ ತುತ್ತಿಟ್ಟುಕೊಂಡು ಮಾತಾಡಬೇಡಿ. ಸಾಧನದಲ್ಲಿ ಗದ್ದಲಕ್ಕೆಂದೇ ಬೇರೆ ಪ್ರೋಗ್ರಾಮ್ ಇದೆಯೇ ಎಂದು, ಅದನ್ನು ಹೊಂದಿಸಿಕೊಟ್ಟವರನ್ನು ಈ ವಾರವೇ ಕೇಳಿ. ಎಷ್ಟೋ ಜನ ಆ ಗುಂಡಿಯನ್ನು ಒಮ್ಮೆಯೂ ಒತ್ತಿರುವುದಿಲ್ಲ.

ಕೊನೆಯ ಪ್ರಶ್ನೆ, ತಪ್ಪು ತಿಳಿಯಬೇಡಿ. ನಿಮಗೆ ಮೀಸೆ ಇದೆಯೇ? ಮೇಲ್ದುಟಿಯನ್ನು ಮುಚ್ಚುತ್ತದೆಯೇ?

ಲೆಕ್ಕದ ಮೇಷ್ಟರು

ಇದೆ. ಮುಚ್ಚುತ್ತದೆ. 1988ರಿಂದ.

ಒಂಟಿಕೊಪ್ಪಲಿನವಳು

ಇಷ್ಟು ಹೊತ್ತು ಓದಿದೆ. ಎಲ್ಲರೂ ಆ ಹೆಣ್ಣುಮಗಳನ್ನು ಎತ್ತಿ ಅಲ್ಲಿ ಕೂರಿಸಿ, ಇಲ್ಲಿ ತಿರುಗಿಸಿ ಎನ್ನುತ್ತಿದ್ದೀರಿ. ಅವರನ್ನು ಕೇಳಿದಿರಾ, ಮೇಷ್ಟರೇ?

ನನಗೂ ಎರಡು ಕಿವಿಗೆ ಯಂತ್ರ. ಆದ್ದರಿಂದ ಸ್ವಲ್ಪ ಖಾರವಾಗಿಯೇ ಬರೆಯುತ್ತೇನೆ. ಹೋಟೆಲಿನಲ್ಲಿ ನನಗೆ ಅತ್ಯಂತ ಕಷ್ಟದ ಗಳಿಗೆ ಸ್ಪೀಕರಿನದಲ್ಲ. ಸಪ್ಲೈಯರ್ ಬಂದು ಇವತ್ತಿನ ವಿಶೇಷ ಎಂದು ಹತ್ತು ತಿಂಡಿಯ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುವುದು. ನಾನು ಇನ್ನೊಮ್ಮೆ ಹೇಳಿ ಎಂದರೆ ಅವನು ನನ್ನ ಗಂಡನ ಮುಖ ನೋಡುತ್ತಾನೆ. ಇವರು ನನ್ನ ಪರವಾಗಿ ಹೇಳಿಯೂ ಬಿಡುತ್ತಾರೆ. ಮೂವತ್ತು ವರ್ಷ ಬೆಂಡೆಕಾಯಿ ತಿನ್ನದವಳ ತಟ್ಟೆಗೆ ಬೆಂಡೆಕಾಯಿ ಬರುತ್ತದೆ. ಮೆನುವನ್ನು ಮೊದಲೇ ಮೊಬೈಲಿನಲ್ಲಿ ತೆಗೆದು ಮನೆಯಲ್ಲೇ ಕುಳಿತು ಓದಿಕೊಳ್ಳಲಿ. ಬೇಕಾದದ್ದನ್ನು ಅವರೇ ಹೇಳಲಿ. ನೀವು ನೀರು ಕುಡಿಯುತ್ತಾ ಸುಮ್ಮನಿರಿ.

ಇನ್ನೊಂದು. ನಾವು "ಏನು?" ಎಂದು ಕೇಳಿದಾಗ "ಏನಿಲ್ಲ ಬಿಡು" ಎನ್ನುತ್ತೀರಲ್ಲ, ಗಂಡಸರು, ಮಕ್ಕಳು, ಎಲ್ಲರೂ. ಎರಡು ಸಲ ಹೀಗಾದರೆ ಮೂರನೆಯ ಸಲ ನಾವು ಕೇಳುವುದಿಲ್ಲ. ಹೂಂ ಎನ್ನುತ್ತೇವೆ. ನಿಮ್ಮ ಮನೆ ಮಾರುವ ಹೂಂ ಎಲ್ಲಿಂದ ಬಂತು ಎಂದು ಸ್ಪೀಕರನ್ನು ಮಾತ್ರ ವಿಚಾರಿಸಬೇಡಿ.

ಲೆಕ್ಕದ ಮೇಷ್ಟರು

ಇದನ್ನು ಬೆಳಿಗ್ಗೆ ಓದಿದೆ, ಉತ್ತರ ಬರೆಯಲು ಸಂಜೆಯಾಯಿತು. ಕೇಳಿರಲಿಲ್ಲ. ಅಚ್ಚರಿಯಾಗಿರಲಿ ಎಂದುಕೊಂಡಿದ್ದೆ. ಇಂದು ಮಧ್ಯಾಹ್ನ ಈ ಪುಟವನ್ನೇ ಅವಳ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದಳು. "ಸೌಮ್ಯ ಸ್ವಭಾವ" ಎಂಬಲ್ಲಿ ನಿಂತು ನನ್ನನ್ನು ನೋಡಿದಳು. ಕೊನೆಗೆ, "ಬೆಂಡೆಕಾಯಿ ಹೆಂಗಸಿಗೆ ನನ್ನ ನಮಸ್ಕಾರ ಬರೆಯಿರಿ" ಎಂದಳು. ಬರೆದಿದ್ದೇನೆ.

ಲೆಕ್ಕದ ಮೇಷ್ಟರು (ನವೆಂಬರ್ 30)

ಹೋಗಿ ಬಂದೆವು. ವರದಿ ಒಪ್ಪಿಸುವುದು ನನ್ನ ಕರ್ತವ್ಯ.

ಜಾಗವನ್ನು ಅವಳೇ ಆರಿಸಿದಳು. ಗಿಡಮರ ಇರುವ ಕಡೆ. ಹೆಸರು ಹೇಳುವುದಿಲ್ಲ, ಹೇಳಿದರೆ ಬರುವ ಶುಕ್ರವಾರ ನೀವೆಲ್ಲ ಬಂದು ಅಲ್ಲಿ ಗದ್ದಲವೆಬ್ಬಿಸುತ್ತೀರಿ. 24ರ ಸೋಮವಾರ ಮಧ್ಯಾಹ್ನ ನಾಲ್ಕಕ್ಕೆ ಫೋನು ಮಾಡಿದೆ. "ಏನಾದರೂ ವಿಶೇಷವೇ ಸಾರ್?" ಎಂದು ಆ ಕಡೆಯವರು ಕೇಳಿದರು. "ಇಲ್ಲ, ಹಸಿವು" ಎಂದೆ.

ಶುಕ್ರವಾರ ಏಳಕ್ಕೆ ಐದು ನಿಮಿಷ ಇರುವಾಗಲೇ ಗೇಟಿನಲ್ಲಿದ್ದೆವು. ನಾನು ಮೊಬೈಲಿನಲ್ಲಿ ಸದ್ದು ಅಳೆಯುವ ಆ್ಯಪ್ ಇಳಿಸಿಕೊಂಡಿದ್ದೆ. ಅದನ್ನು ನಂಬುವಂತಿಲ್ಲ ಎಂದು ಗೊತ್ತು, ಆದರೂ ಎರಡು ಹೊತ್ತಿನ ಅಳತೆಯನ್ನು ಹೋಲಿಸಲಾದರೂ ಆಗುತ್ತದೆ. ಏಳೂ ಕಾಲಿಗೆ 52 ಡೆಸಿಬೆಲ್. ಒಂಬತ್ತಕ್ಕೆ ನಾವು ಏಳುವಾಗ 69. ಕ್ಯಾಪ್ಟನ್ ಅವರ ಎಂಟೂವರೆ ಕರಾರುವಾಕ್ಕು. ಎಂಟು ಇಪ್ಪತ್ತೆಂಟಕ್ಕೆ ಹತ್ತು ಜನರ ಒಂದು ತಂಡ ಒಳಗೆ ಬಂತು.

ಸೈಡ್ ಸ್ಟೇಷನ್ ಪಕ್ಕದ ಟೇಬಲನ್ನೇ ಮೊದಲು ತೋರಿಸಿದರು! ನಾನು ಚಮಚಗಳ ಕಡೆ ಬೆರಳು ತೋರಿಸಿ ಬೇಡ ಎಂದಾಗ ಆ ಹುಡುಗ ನನ್ನನ್ನು ಹೋಟೆಲಿನವನೆಂದೇ ತಿಳಿದ. ಎಡಗಿವಿ ಗದ್ದಲಕ್ಕೆ, ಬಲಗಿವಿ ನನಗೆ. ಮಾನಸಗಂಗೋತ್ರಿಯವರು ಹೇಳಿದ ಗುಂಡಿ ನಿಜಕ್ಕೂ ಇತ್ತು. ನಾಲ್ಕು ವರ್ಷದಲ್ಲಿ ಒಮ್ಮೆಯೂ ಒತ್ತಿರಲಿಲ್ಲ. ಮೀಸೆಯನ್ನು ಕಾಲಿಂಚು ಮೇಲಕ್ಕೆ ಕತ್ತರಿಸಿದ್ದೇನೆ. ಮಗಳು ವಿಡಿಯೋ ಕರೆಯಲ್ಲಿ ನೋಡಿ ಅಪ್ಪನಿಗೆ ಹುಷಾರಿಲ್ಲವೇ ಎಂದು ಅವಳಮ್ಮನನ್ನು ಕೇಳಿದಳು.

ಊಟವನ್ನು ಅವಳೇ ಹೇಳಿದಳು. ಟೊಮೆಟೊ ಸೂಪು, ಅಕ್ಕಿ ರೊಟ್ಟಿ, ಎಣ್ಣೆಗಾಯಿ, ಒಂದು ಪನ್ನೀರಿನ ಪದಾರ್ಥ (ಅದು ನನಗೆ ಇಷ್ಟವಿಲ್ಲ, ನೀರು ಕುಡಿಯುತ್ತಾ ಸುಮ್ಮನಿದ್ದೆ), ಮೊಸರನ್ನ. ಎಣ್ಣೆಗಾಯಿಗೆ ಹುಚ್ಚೆಳ್ಳು ಸಾಲದು ಎಂಬುದು ಅವಳ ತೀರ್ಪು.

ಇನ್ನು ಮಾತು. ಪ್ರೀತಿಯ ಮಾತುಗಳನ್ನು ಆಡಿದೆವು ಎಂದು ನೀವು ಅಂದುಕೊಂಡಿದ್ದರೆ ತಪ್ಪು. ಸೂಪು ಮುಗಿಯುವುದರೊಳಗೆ ತವರಿನ ಮನೆಯ ವಿಷಯ ಬಂತು, ತಂದವಳು ಅವಳೇ. ಒಂದೂ ಕಾಲು ಗಂಟೆ ಜಗಳವಾಡಿದೆವು. ಮೆತ್ತಗಿನ ದನಿಯಲ್ಲಿ, ಪಕ್ಕದವರಿಗೆ ಗೊತ್ತಾಗದಂತೆ, ಆದರೆ ಪೂರ್ತಿಯಾಗಿ. ಮನೆಯಲ್ಲಿ ಜಗಳವಾಡಿದರೆ ಯಾರಾದರೊಬ್ಬರು ಎದ್ದು ಅಡುಗೆಮನೆಗೆ ಹೋಗಬಹುದು. ಇಲ್ಲಿ ಆ ಸೌಲಭ್ಯವಿಲ್ಲ. ಆರು ವರ್ಷದಿಂದ ಕಟ್ಟುತ್ತಿರುವ ಕಂದಾಯ, ಕುಸಿಯುತ್ತಿರುವ ಹಿತ್ತಿಲ ಗೋಡೆ, ಹಲಸಿನ ಮರ ಯಾರು ನೋಡಿಕೊಳ್ಳುತ್ತಾರೆ, ಎಲ್ಲವನ್ನೂ ನಾನು ಅಂಕಿ ಸಮೇತ ಇಟ್ಟೆ. ಎಲ್ಲವನ್ನೂ ಕೇಳಿಸಿಕೊಂಡಳು. ಒಂದೇ ಒಂದು ಸಲವೂ ಹೂಂ ಎನ್ನಲಿಲ್ಲ. "ನೀವು ಮಳೆಗಾಲದಲ್ಲಿ ಅಲ್ಲಿ ಒಂದು ರಾತ್ರಿಯಾದರೂ ಮಲಗಿದ್ದೀರಾ?" ಎಂದಳು. ಇಲ್ಲ, ಮಲಗಿಲ್ಲ. ಹಬ್ಬಕ್ಕೆ ಹೋದರೂ ಸಂಜೆಯ ಬಸ್ಸಿಗೆ ವಾಪಸು ಬರುತ್ತಿದ್ದೆ, ಮರುದಿನ ಶಾಲೆ ಎಂದು. "ಹೆಂಚಿನ ಮೇಲೆ ಮಳೆ ಬಿದ್ದರೆ ನನಗೆ ಯಂತ್ರವಿಲ್ಲದೆಯೂ ಗೊತ್ತಾಗುತ್ತದೆ, ಎದೆಗೆ ತಾಗುತ್ತದೆ" ಎಂದಳು. ಇದಕ್ಕೆ ನನ್ನ ಬಳಿ ಅಂಕಿ ಇರಲಿಲ್ಲ.

ಬಿಲ್ಲು 1,480. ಜಿಎಸ್‌ಟಿ 74. ಒಟ್ಟು 1,554. ಸೇವಾ ಶುಲ್ಕ ಇರಲಿಲ್ಲ, ಬಂಡಿಪಾಳ್ಯದವರ ಸಹಾಯವಾಣಿಗೆ ಕೆಲಸ ಬರಲಿಲ್ಲ. ಚಮಚದ ಹುಡುಗನಿಗೆ ನೂರು ರೂಪಾಯಿ ಕೊಟ್ಟೆ. ಅವನು ಮೆಲ್ಲಗೆ "ಯಾವ ಹೋಟೆಲಿನಲ್ಲಿದ್ದಿರಿ ಸಾರ್?" ಎಂದು ಕೇಳಿಯೇ ಬಿಟ್ಟ.

ಹಳೆಯ ಮಂಗಳೂರು ಹೆಂಚಿನ ಅಳತೆಗೆ ಹೊಂದುವ ಹೆಂಚು ಇನ್ನೂರು ಬೇಕಾಗಿದೆ, ಜೊತೆಗೆ ಹಲಸಿನ ಮರ ಹತ್ತಿ ಕೊಂಬೆ ಸವರುವವರು ಒಬ್ಬರು. ಕೆ.ಆರ್. ನಗರದ ಕಡೆಯವರು ಯಾರಾದರೂ ಇದ್ದರೆ ಹೇಳಿ. ಅದಕ್ಕೆ ನಾಳೆ ಬೇರೆಯೇ ಪ್ರಶ್ನೆ ಹಾಕುತ್ತೇನೆ.